ಗ್ರಂಥವೋ, ಧರ್ಮಸಭೆಯೋ: ಕ್ರೈಸ್ತರಲ್ಲಿ ಅಂತಿಮ ಅಧಿಕಾರದ ಪ್ರಶ್ನೆ

ಕ್ರೈಸ್ತ ಧರ್ಮದ ಪ್ರಮುಖ ಪಂಥಗಳೆಲ್ಲವೂ ಬೈಬಲನ್ನು ದೈವಪ್ರೇರಿತ ಗ್ರಂಥವೆಂದು ಒಪ್ಪುತ್ತವೆ. ಆ ಗ್ರಂಥದ ಅರ್ಥವನ್ನು ನಿರ್ಣಯಿಸುವ ಹಕ್ಕು ಯಾರದು ಎಂಬಲ್ಲಿ ಅವುಗಳ ದಾರಿ ಬೇರೆಯಾಗುತ್ತದೆ. ರೋಮಿನ ಪೋಪರದೇ, ಧರ್ಮಾಧ್ಯಕ್ಷರ ಮಹಾಸಭೆಯದೇ, ಊರಿನ ಸಭೆಯದೇ ಅಥವಾ ಗ್ರಂಥವನ್ನು ಕೈಯಲ್ಲಿ ಹಿಡಿದು ಓದುವ ಪ್ರತಿಯೊಬ್ಬ ವಿಶ್ವಾಸಿಯದೇ? ಈ ಒಂದು ಪ್ರಶ್ನೆಗೆ ದೊರೆತ ಬೇರೆ ಬೇರೆ ಉತ್ತರಗಳೇ ಇಂದಿನ ಕ್ಯಾಥೊಲಿಕ್, ಆರ್ಥಡಾಕ್ಸ್ ಹಾಗೂ ಪ್ರಾಟೆಸ್ಟಂಟ್ ಪರಂಪರೆಗಳನ್ನು ಬಹುಮಟ್ಟಿಗೆ ರೂಪಿಸಿವೆ. ತಮ್ಮ ಉತ್ತರಕ್ಕಾಗಿ ಹಿಂದೆ ಅನೇಕರು ಪ್ರಾಣ ತೆತ್ತಿದ್ದಾರೆ. ಮರುಮದುವೆ, ಶಿಶುಗಳ ದೀಕ್ಷಾಸ್ನಾನ, ಮಹಿಳೆಯರಿಗೆ ಗುರುದೀಕ್ಷೆ ಮುಂತಾದ ವಿಷಯಗಳಲ್ಲಿ ಇಂದಿಗೂ ಸಾಮಾನ್ಯ ಕುಟುಂಬಗಳ ಬದುಕಿನ ಮೇಲೆ ಅದರ ಪರಿಣಾಮವಿದೆ.

ಗ್ರಂಥ ರೂಪುಗೊಂಡ ಬಗೆ

ಆದಿ ಕ್ರೈಸ್ತರ ಬಳಿ ಇಂದಿನ ರೂಪದ ಬೈಬಲ್ ಇರಲಿಲ್ಲ. ಯೆಹೂದ್ಯರ ಪವಿತ್ರ ಗ್ರಂಥಗಳನ್ನೇ ಅವರು ಓದುತ್ತಿದ್ದರು. ಯೇಸುವಿನ ಬೋಧನೆಗಳು ಮೊದಲು ಬಾಯಿಮಾತಿನಲ್ಲಿ ಹರಡಿದವು. ಪೌಲನ ಪತ್ರಗಳು ಮೊದಲ ಶತಮಾನದ ಮಧ್ಯಭಾಗದಲ್ಲಿ ರಚನೆಯಾದವು; ಸುವಾರ್ತೆಗಳು ಆ ನಂತರ ಬಂದವು. ಯಾವ ಬರಹಗಳನ್ನು ಪವಿತ್ರವೆಂದು ಪರಿಗಣಿಸಬೇಕು ಎಂಬ ಚರ್ಚೆ ದೀರ್ಘಕಾಲ ನಡೆಯಿತು. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಥನೇಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ ದೊರೆಯುತ್ತದೆ. ಉತ್ತರ ಆಫ್ರಿಕದ ಹಿಪ್ಪೊ (393) ಮತ್ತು ಕಾರ್ಥೇಜ್ (397) ಸಭೆಗಳು ಆ ಪಟ್ಟಿಗೆ ಮನ್ನಣೆ ನೀಡಿದವು.

ಈ ಇತಿಹಾಸವನ್ನು ಎರಡೂ ಪಕ್ಷಗಳು ತಮ್ಮ ಸಮರ್ಥನೆಗೆ ಬಳಸುತ್ತವೆ. ಪುಸ್ತಕಗಳನ್ನು ಆಯ್ದು ಪಟ್ಟಿ ಮಾಡಿದ್ದು ಧರ್ಮಸಭೆ, ಆದುದರಿಂದ ಗ್ರಂಥವನ್ನು ಧರ್ಮಸಭೆಯಿಂದ ಬೇರ್ಪಡಿಸಿ ಓದಲಾಗದು ಎಂಬುದು ಕ್ಯಾಥೊಲಿಕ್ ಹಾಗೂ ಆರ್ಥಡಾಕ್ಸ್ ವಾದ. ಧರ್ಮಸಭೆ ಗ್ರಂಥಕ್ಕೆ ಅಧಿಕಾರವನ್ನು ಕೊಟ್ಟಿಲ್ಲ, ಅದರಲ್ಲಿ ಮೊದಲೇ ಇದ್ದ ಅಧಿಕಾರವನ್ನು ಗುರುತಿಸಿದೆ ಅಷ್ಟೆ ಎಂಬುದು ಪ್ರಾಟೆಸ್ಟಂಟರ ಉತ್ತರ. ಚಿನ್ನವನ್ನು ಒರೆಗೆ ಹಚ್ಚಿದ ಅಕ್ಕಸಾಲಿಗ ಚಿನ್ನವನ್ನು ಸೃಷ್ಟಿಸಿದಂತಾಗುವುದಿಲ್ಲ ಎಂಬಂಥ ತರ್ಕ ಅದು.

ಬೈಬಲಿನ ಗಾತ್ರದಲ್ಲಿಯೂ ಒಮ್ಮತವಿಲ್ಲ. ಪ್ರಾಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳಿವೆ, ಕ್ಯಾಥೊಲಿಕರದರಲ್ಲಿ 73. ಇಥಿಯೋಪಿಯದ ಆರ್ಥಡಾಕ್ಸ್ ಸಭೆ ಸಾಂಪ್ರದಾಯಿಕವಾಗಿ 81 ಎಂದು ಎಣಿಸುತ್ತದೆ. ಕ್ಯಾಥೊಲಿಕರಲ್ಲಿ ಹೆಚ್ಚಾಗಿರುವ ತೋಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ ಹಾಗೂ ಮಕ್ಕಬಿಯರ ಎರಡು ಗ್ರಂಥಗಳು ಹಳೆಯ ಒಡಂಬಡಿಕೆಯ ಗ್ರೀಕ್ ಪಾಠದಲ್ಲಿದ್ದು, ಹೀಬ್ರೂ ಸಂಗ್ರಹದಲ್ಲಿ ಸೇರಿಲ್ಲ. ಮೃತರಿಗಾಗಿ ಪ್ರಾರ್ಥಿಸುವ ಕ್ಯಾಥೊಲಿಕ್ ಪದ್ಧತಿಗೆ ಮಕ್ಕಬಿಯರ ಎರಡನೇ ಗ್ರಂಥ ಒಂದು ಆಧಾರವಾಗಿರುವುದರಿಂದ, ಈ ಪಟ್ಟಿಯ ವ್ಯತ್ಯಾಸ ಆಚರಣೆಯ ವ್ಯತ್ಯಾಸವೂ ಆಗಿದೆ.

ಕ್ಯಾಥೊಲಿಕ್ ನಿಲುವು

ಯೇಸು ತನ್ನ ಶಿಷ್ಯ ಪೇತ್ರನನ್ನು ಬಂಡೆಗೆ ಹೋಲಿಸಿ, ಅದರ ಮೇಲೆ ತನ್ನ ಸಭೆಯನ್ನು ಕಟ್ಟುವುದಾಗಿ ಹೇಳಿದ ಪ್ರಸಂಗ ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯದಲ್ಲಿದೆ. ಪೇತ್ರನ ಉತ್ತರಾಧಿಕಾರಿ ರೋಮಿನ ಧರ್ಮಾಧ್ಯಕ್ಷರಾದ ಪೋಪ್ ಎಂಬುದು ಕ್ಯಾಥೊಲಿಕ್ ನಂಬಿಕೆ. ಪವಿತ್ರ ಗ್ರಂಥ ಹಾಗೂ ಶಿಷ್ಯರಿಂದ ಹರಿದುಬಂದ ಪವಿತ್ರ ಪರಂಪರೆ ಒಂದೇ ಮೂಲದಿಂದ ಹೊರಟ ಎರಡು ಧಾರೆಗಳು. ಅವುಗಳನ್ನು ಅಧಿಕೃತವಾಗಿ ವಿವರಿಸುವ ಹೊಣೆ ಪೋಪ್ ಮತ್ತು ಅವರೊಡನೆ ಐಕ್ಯದಲ್ಲಿರುವ ಧರ್ಮಾಧ್ಯಕ್ಷರದು.

ಟ್ರೆಂಟ್ ಮಹಾಸಭೆ (1545-1563) 1546ರಲ್ಲಿ ಗ್ರಂಥ ಮತ್ತು ಪರಂಪರೆ ಎರಡನ್ನೂ ಸಮಾನ ಗೌರವದಿಂದ ಸ್ವೀಕರಿಸುವುದಾಗಿ ಘೋಷಿಸಿತು. ಮೊದಲ ವ್ಯಾಟಿಕನ್ ಮಹಾಸಭೆ 1870ರಲ್ಲಿ ಪೋಪರ ತಪ್ಪಲಾರದ ಬೋಧನಾಧಿಕಾರವನ್ನು ಸಿದ್ಧಾಂತವಾಗಿ ಅಂಗೀಕರಿಸಿತು. ಪೋಪ್ ಆಡುವ ಮಾತೆಲ್ಲವೂ ದೋಷಾತೀತ ಎಂಬ ಸಾಮಾನ್ಯ ಗ್ರಹಿಕೆ ಸರಿಯಲ್ಲ. ವಿಶ್ವಾಸ ಅಥವಾ ನೀತಿಗೆ ಸಂಬಂಧಿಸಿದ ವಿಷಯದಲ್ಲಿ, ಇಡೀ ಧರ್ಮಸಭೆಗೆ ಅನ್ವಯಿಸುವಂತೆ, ಪೀಠಾಧಿಪತಿಯಾಗಿ ವಿಧ್ಯುಕ್ತವಾಗಿ ಘೋಷಿಸಿದಾಗ ಮಾತ್ರ ಈ ಸಿದ್ಧಾಂತ ಅನ್ವಯವಾಗುತ್ತದೆ. 1870ರ ನಂತರ ಈ ಅಧಿಕಾರ ಸ್ಪಷ್ಟವಾಗಿ ಬಳಕೆಯಾದದ್ದು ಒಮ್ಮೆ. 1950ರಲ್ಲಿ ಹನ್ನೆರಡನೇ ಪಯಸ್ ಮರಿಯಮ್ಮನವರ ಸ್ವರ್ಗಾರೋಹಣವನ್ನು ವಿಶ್ವಾಸಸತ್ಯವೆಂದು ಘೋಷಿಸಿದಾಗ.

ಎರಡನೇ ವ್ಯಾಟಿಕನ್ ಮಹಾಸಭೆ (1962-65) ಈ ನಿಲುವನ್ನು ಮೃದುವಾದ ಮಾತುಗಳಲ್ಲಿ ಮರುನಿರೂಪಿಸಿತು. ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಗಾಗಿ ಇರುವಂಥದು ಎಂದು 1965ರ ‘ದೇಯಿ ವರ್ಬುಮ್’ ಶಾಸನ ತಿಳಿಸಿತು. ಎಲ್ಲ ವಿಶ್ವಾಸಿಗಳೂ ಬೈಬಲ್ ಓದಬೇಕೆಂದು ಅದು ಒತ್ತಾಯಪೂರ್ವಕವಾಗಿ ಕರೆ ನೀಡಿತು.

ಆರ್ಥಡಾಕ್ಸ್ ನಿಲುವು

ಪೂರ್ವದೇಶದ ಆರ್ಥಡಾಕ್ಸ್ ಸಭೆಗಳು ಪರಂಪರೆಗೆ ಕ್ಯಾಥೊಲಿಕರಷ್ಟೇ ಮಹತ್ವ ಕೊಡುತ್ತವೆ. ಆದರೆ ಒಬ್ಬ ವ್ಯಕ್ತಿಗೆ ಸರ್ವಾಧಿಕಾರವಿದೆ ಎಂಬುದನ್ನು ಒಪ್ಪುವುದಿಲ್ಲ. 325ರ ನೈಸಿಯಾ ಸಭೆಯಿಂದ 787ರವರೆಗಿನ ಏಳು ಮಹಾಸಭೆಗಳ ತೀರ್ಮಾನಗಳು ಅವರಿಗೆ ಪ್ರಮಾಣ. ಕೇರಳದ ಮಲಂಕರ ಸಭೆಯೂ ಸೇರಿದಂತೆ ಓರಿಯಂಟಲ್ ಆರ್ಥಡಾಕ್ಸ್ ಸಭೆಗಳು ಮೊದಲ ಮೂರನ್ನು ಮಾತ್ರ ಒಪ್ಪುತ್ತವೆ. ವಿಶ್ವಾಸದ ರಕ್ಷಕರು ಸಭೆಯ ಸಮಸ್ತ ಜನರೇ ಎಂದು ಪೂರ್ವದ ಪಿತೃಪ್ರಧಾನರು 1848ರಲ್ಲಿ ಪೋಪರಿಗೆ ನೀಡಿದ ಉತ್ತರದಲ್ಲಿ ಸಾರಿದ್ದರು.

ಕೇಂದ್ರಾಧಿಕಾರವಿಲ್ಲದ ಈ ವ್ಯವಸ್ಥೆಗೂ ತನ್ನದೇ ತೊಡಕುಗಳಿವೆ. 2016ರಲ್ಲಿ ಕ್ರೀಟ್ ದ್ವೀಪದಲ್ಲಿ ಕರೆದ ಮಹಾಸಭೆಗೆ ರಷ್ಯಾ ಸೇರಿ ನಾಲ್ಕು ಸಭೆಗಳು ಗೈರುಹಾಜರಾದವು. ಉಕ್ರೇನಿನ ಸಭೆಗೆ ಸ್ವಾಯತ್ತತೆ ನೀಡುವ ಹಕ್ಕಿನ ಬಗ್ಗೆ ಎದ್ದ ವಿವಾದದಲ್ಲಿ 2018ರಲ್ಲಿ ಮಾಸ್ಕೊ, ಕಾನ್‌ಸ್ಟಾಂಟಿನೋಪಲ್ ಪೀಠದೊಡನೆ ಧಾರ್ಮಿಕ ಸಂಬಂಧವನ್ನೇ ಕಡಿದುಕೊಂಡಿತು.

ಸುಧಾರಕರ ಸವಾಲು

ಪಾಪಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸಿ 1517ರಲ್ಲಿ ಮಾರ್ಟಿನ್ ಲೂಥರ್ 95 ವಾದಗಳನ್ನು ಮಂಡಿಸಿದಾಗ ಚರ್ಚೆ ಒಂದು ದುರಾಚಾರದ ಕುರಿತಾಗಿತ್ತು. ಎರಡು ವರ್ಷಗಳ ನಂತರ ಲೈಪ್‌ಜಿಗ್ ವಾದಸಭೆಯಲ್ಲಿ ಅದು ಅಧಿಕಾರದ ಪ್ರಶ್ನೆಯಾಗಿ ಬೆಳೆಯಿತು. ಪೋಪರೂ ಮಹಾಸಭೆಗಳೂ ತಪ್ಪು ಮಾಡಬಹುದು ಎಂದು ಅಲ್ಲಿ ಲೂಥರ್ ಒಪ್ಪಿಕೊಂಡರು. 1415ರಲ್ಲಿ ಕಾನ್‌ಸ್ಟೆನ್ಸ್ ಮಹಾಸಭೆ ಬೊಹೀಮಿಯದ ಜಾನ್ ಹಸ್‌ರನ್ನು ಸುಡಲು ಒಪ್ಪಿಸಿದ್ದ ನೆನಪು ಇನ್ನೂ ಮಾಸಿರಲಿಲ್ಲ. 1521ರಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ, ಗ್ರಂಥದ ಆಧಾರದಿಂದ ಅಥವಾ ಸ್ಪಷ್ಟ ತರ್ಕದಿಂದ ತೋರಿಸಿದ ಹೊರತು ತಮ್ಮ ಬರಹಗಳನ್ನು ಹಿಂತೆಗೆದುಕೊಳ್ಳಲು ಅವರು ನಿರಾಕರಿಸಿದರು.

‘ಗ್ರಂಥ ಮಾತ್ರ’ ಎಂಬ ತತ್ತ್ವ ಪ್ರಾಟೆಸ್ಟಂಟ್ ಸುಧಾರಣೆಯ ಆಧಾರವಾಯಿತು. ಪರಂಪರೆಯೆಲ್ಲ ತ್ಯಾಜ್ಯ ಎಂದು ಇದರ ಅರ್ಥವಲ್ಲ. ಲೂಥರ್ ಮತ್ತು ಕ್ಯಾಲ್ವಿನ್ ಪ್ರಾಚೀನ ವಿಶ್ವಾಸ ಪ್ರಮಾಣಗಳನ್ನು ಗೌರವಿಸುತ್ತಿದ್ದರು. ಆದರೆ ಪರಂಪರೆಯನ್ನು ಗ್ರಂಥದ ಒರೆಗಲ್ಲಿಗೆ ಹಚ್ಚಬೇಕು, ಅದಕ್ಕೆ ವಿರುದ್ಧವಾದುದನ್ನು ಬಿಡಬೇಕು ಎಂಬುದು ಅವರ ನಿಲುವು. ಇದಕ್ಕಾಗಿ ಗ್ರಂಥ ಜನರ ಭಾಷೆಯಲ್ಲಿ ಇರಲೇಬೇಕಾಯಿತು. ಲೂಥರರ ಜರ್ಮನ್ ಹೊಸ ಒಡಂಬಡಿಕೆ 1522ರಲ್ಲಿ, ಸಂಪೂರ್ಣ ಬೈಬಲ್ 1534ರಲ್ಲಿ ಪ್ರಕಟವಾಯಿತು. ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ ಅವರನ್ನು 1536ರಲ್ಲಿ ಬ್ರಸೆಲ್ಸ್ ಸಮೀಪ ಕತ್ತು ಬಿಗಿದು ಕೊಂದು ಸುಡಲಾಯಿತು.

ಒಂದೇ ಗ್ರಂಥ, ಹಲವು ಓದು

ಗ್ರಂಥವನ್ನು ಜನರ ಕೈಗೆ ಕೊಟ್ಟರೆ ಅರ್ಥ ತಾನಾಗಿ ಸ್ಪಷ್ಟವಾಗುತ್ತದೆ ಎಂಬ ನಿರೀಕ್ಷೆ ಬೇಗನೆ ಪರೀಕ್ಷೆಗೆ ಒಳಗಾಯಿತು. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ಸಾನ್ನಿಧ್ಯ ಯಾವ ಬಗೆಯದು ಎಂಬ ಬಗ್ಗೆ ಲೂಥರ್ ಮತ್ತು ಜೂರಿಕ್‌ನ ಜ್ವಿಂಗ್ಲಿ 1529ರಲ್ಲಿ ಮಾರ್ಬರ್ಗ್‌ನಲ್ಲಿ ಚರ್ಚಿಸಿ ಒಮ್ಮತಕ್ಕೆ ಬಾರದೆ ಬೇರೆಯಾದರು. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬೇಕೆಂದು ಗ್ರಂಥದಲ್ಲಿ ಎಲ್ಲಿಯೂ ಇಲ್ಲ ಎಂದು ವಾದಿಸಿದ ಫೆಲಿಕ್ಸ್ ಮಾಂಜ್ ಅವರನ್ನು 1527ರಲ್ಲಿ ಸುಧಾರಣಾವಾದಿ ಜೂರಿಕ್ ನಗರಸಭೆಯೇ ನದಿಯಲ್ಲಿ ಮುಳುಗಿಸಿ ಕೊಲ್ಲಿಸಿತು. ಪೋಪರ ಅಧಿಕಾರ ತೆರವಾದ ಸ್ಥಾನಕ್ಕೆ ಬೇರೊಂದು ಅಧಿಕಾರ ಬಂದಿತ್ತು.

ಅಮೆರಿಕದ ಗುಲಾಮಗಿರಿ ಇನ್ನೊಂದು ನಿದರ್ಶನ. ಗುಲಾಮರ ಮಾಲೀಕರು ಧರ್ಮಪ್ರಚಾರಕರಾಗಬಹುದೇ ಎಂಬ ವಿವಾದದಲ್ಲಿ 1845ರಲ್ಲಿ ದಕ್ಷಿಣ ರಾಜ್ಯಗಳ ಬ್ಯಾಪ್ಟಿಸ್ಟರು ಬೇರೆ ಸಂಸ್ಥೆ ಕಟ್ಟಿದರು. ಗುಲಾಮಗಿರಿಯ ಪರ ಮತ್ತು ವಿರುದ್ಧ ಎರಡೂ ಕಡೆಯವರು ಬೈಬಲಿನಿಂದಲೇ ಆಧಾರಗಳನ್ನು ನೀಡುತ್ತಿದ್ದರು. ಆ ದಕ್ಷಿಣದ ಬ್ಯಾಪ್ಟಿಸ್ಟ್ ಸಂಸ್ಥೆ ಗುಲಾಮಗಿರಿಯನ್ನು ಬೆಂಬಲಿಸಿದ್ದಕ್ಕಾಗಿ ಕ್ಷಮೆ ಕೇಳಿದ್ದು 1995ರಲ್ಲಿ.

ಇಪ್ಪತ್ತನೇ ಶತಮಾನದಲ್ಲಿ ಈ ಭಿನ್ನತೆ ಮತ್ತಷ್ಟು ಕವಲೊಡೆಯಿತು. ಬೈಬಲನ್ನು ಇತಿಹಾಸ ಮತ್ತು ಭಾಷಾಶಾಸ್ತ್ರದ ಬೆಳಕಿನಲ್ಲಿ ಓದುವ ವಿದ್ವಾಂಸರು ಒಂದೆಡೆಯಾದರೆ, ಮೂಲಗ್ರಂಥ ಎಲ್ಲ ವಿಷಯಗಳಲ್ಲಿಯೂ ದೋಷರಹಿತ ಎಂದು 1978ರ ಶಿಕಾಗೊ ಹೇಳಿಕೆಯಲ್ಲಿ ಸಾರಿದವರು ಇನ್ನೊಂದೆಡೆ. 1906ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಪ್ರಾರ್ಥನಾಕೂಟಗಳಿಂದ ಹರಡಿದ ಪೆಂಟಕೋಸ್ಟಲ್ ಪಂಥಗಳು ಗ್ರಂಥದೊಂದಿಗೆ ಪವಿತ್ರಾತ್ಮನ ನೇರ ಅನುಭವಕ್ಕೂ ಪ್ರಾಧಾನ್ಯ ಕೊಡುತ್ತವೆ.

ನಡುದಾರಿ

ಆಂಗ್ಲಿಕನ್ ಪರಂಪರೆ ಗ್ರಂಥ, ಪರಂಪರೆ, ವಿವೇಕ ಮೂರನ್ನೂ ಒಟ್ಟಿಗೆ ಇರಿಸಿಕೊಂಡಿತು. ಗ್ರಂಥಕ್ಕೆ ಮೊದಲ ಸ್ಥಾನ. ಮೆಥಡಿಸ್ಟರು ಅದಕ್ಕೆ ಅನುಭವವನ್ನೂ ಸೇರಿಸಿದರು. ಈ ನಡುದಾರಿಯ ಮಹತ್ವದ ಪ್ರಯೋಗ ನಡೆದದ್ದು ಭಾರತದಲ್ಲಿ. ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳು ಹಾಗೂ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಮೂಲದ ಸಭೆಗಳು ಸೇರಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯನ್ನು (ಸಿಎಸ್‌ಐ) ಸ್ಥಾಪಿಸಿದವು. ಬಿಷಪರು ಉಳಿದರು, ಆದರೆ ಅವರ ಅಧಿಕಾರ ಸಂವಿಧಾನಬದ್ಧವಾಯಿತು. ಸಿನೊಡ್‌ನಲ್ಲಿ ಪಾದ್ರಿಗಳೊಂದಿಗೆ ಸಾಮಾನ್ಯ ಸಭಿಕರೂ ಮತ ಚಲಾಯಿಸುತ್ತಾರೆ.

ಕರ್ನಾಟಕದ ನೆಲೆಯಲ್ಲಿ

ರಾಜ್ಯದಲ್ಲಿ ಈ ಎಲ್ಲ ಪರಂಪರೆಗಳೂ ಇವೆ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಸಂಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ ಮತ್ತು ಮುದ್ರಣಾಲಯಗಳಿಗೆ ಒತ್ತು ಕೊಟ್ಟದ್ದರ ಹಿಂದೆ, ವಿಶ್ವಾಸಿ ಗ್ರಂಥವನ್ನು ಸ್ವತಃ ಓದಬೇಕೆಂಬ ಸುಧಾರಕರ ತತ್ತ್ವವೂ ಇತ್ತು. ಕ್ಯಾಥೊಲಿಕರ ಬಲಿಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ, ಕೊಂಕಣಿಗೆ ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಎರಡು ಪರಂಪರೆಗಳ ಕನ್ನಡವೂ ಭಿನ್ನ: ಒಬ್ಬರ ‘ಸುವಾರ್ತೆ’ ಇನ್ನೊಬ್ಬರ ‘ಶುಭಸಂದೇಶ’, ಒಬ್ಬರ ‘ಯೋಹಾನ’ ಇನ್ನೊಬ್ಬರ ‘ಯೊವಾನ್ನ’.

ಗ್ರಂಥದ ಅರ್ಥದ ಬಗ್ಗೆ ತಕರಾರಿಲ್ಲದೆಯೂ ಅಧಿಕಾರದ ಪ್ರಶ್ನೆಗಾಗಿ ಸಭೆ ಒಡೆಯಬಹುದು ಎಂಬುದಕ್ಕೆ ಉಡುಪಿ ಜಿಲ್ಲೆಯ ಬ್ರಹ್ಮಾವರ ಸಾಕ್ಷಿ. ಧರ್ಮಪ್ರಾಂತ್ಯಗಳ ಮೇಲೆ ಪೋರ್ಚುಗಲ್ ರಾಜರಿಗಿದ್ದ ಹಕ್ಕು ಮತ್ತು ರೋಮಿನ ನೇರ ಆಡಳಿತದ ನಡುವಣ ಜಗಳದಲ್ಲಿ, 1880ರ ದಶಕದ ಕೊನೆಗೆ ಅಲ್ಲಿನ ಕೊಂಕಣಿ ಕ್ಯಾಥೊಲಿಕರ ಒಂದು ಗುಂಪು ರೋಮಿನಿಂದ ಬೇರೆಯಾಯಿತು. ಅವರ ಮುಂದಾಳು, ಗೋವೆಯ ಪಾದ್ರಿ ಅಲ್ವಾರಿಸ್ 1889ರಲ್ಲಿ ಮಲಂಕರ ಆರ್ಥಡಾಕ್ಸ್ ಪರಂಪರೆಯಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾದರು. ಆ ಸಮುದಾಯ ಇಂದಿಗೂ ಆರ್ಥಡಾಕ್ಸ್ ಸಭೆಯಲ್ಲಿಯೇ ಇದೆ.

ಸಭೆಯ ಅಧಿಕಾರ ಮತ್ತು ದೇಶದ ಕಾನೂನು ಮುಖಾಮುಖಿಯಾದದ್ದೂ ಉಂಟು. ಕ್ಯಾಥೊಲಿಕ್ ಧರ್ಮಸಭೆ ವಿಚ್ಛೇದನವನ್ನು ಒಪ್ಪುವುದಿಲ್ಲ. ಮದುವೆ ಆರಂಭದಿಂದಲೇ ಸಿಂಧುವಾಗಿರಲಿಲ್ಲ ಎಂದು ಅದರ ನ್ಯಾಯಮಂಡಳಿ ತೀರ್ಪು ನೀಡಬಹುದು. ಈ ತೀರ್ಪುಗಳಿಗೆ ಕಾನೂನಿನ ಮಾನ್ಯತೆ ಕೋರಿ ದಕ್ಷಿಣ ಕನ್ನಡದ ಕ್ಯಾಥೊಲಿಕ್ ಸಂಘಟನೆಯ ಮಾಜಿ ಅಧ್ಯಕ್ಷರೊಬ್ಬರು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಳ್ಳಿಹಾಕಿತು. ಹಾಗಾಗಿ ಸಭೆಯ ತೀರ್ಪನ್ನಷ್ಟೇ ನಂಬಿ ಮರುಮದುವೆಯಾದವರು ಕಾನೂನಿನ ಕಣ್ಣಿನಲ್ಲಿ ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಆರೋಪಕ್ಕೆ ಗುರಿಯಾಗಬಹುದು; ನ್ಯಾಯಾಲಯದಿಂದ ವಿಚ್ಛೇದನ ಮಾತ್ರ ಪಡೆದವರು ಚರ್ಚಿನಲ್ಲಿ ಮರುಮದುವೆಯಾಗಲಾರರು.

ಸಮೀಪಿಸಿದ್ದು, ಉಳಿದದ್ದು

ಐದು ಶತಮಾನಗಳ ಅಂತರ ಕೊಂಚ ಕಡಿಮೆಯಾಗಿದೆ. ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಕೃಪೆಯಿಂದಲೇ ಎಂಬ ಮೂಲಭೂತ ವಿಷಯದಲ್ಲಿ ಕ್ಯಾಥೊಲಿಕ್ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಒಕ್ಕೂಟ 2017ರಲ್ಲಿ ಇದಕ್ಕೆ ಸಮ್ಮತಿಸಿದವು.

ಅಧಿಕಾರದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಮಹಿಳೆಯರಿಗೆ ಗುರುದೀಕ್ಷೆ ನೀಡುವ ಅಧಿಕಾರ ಧರ್ಮಸಭೆಗೆ ಇಲ್ಲವೆಂದು ಎರಡನೇ ಜಾನ್ ಪಾಲ್ 1994ರಲ್ಲಿ ಘೋಷಿಸಿದರು. ಅದೇ ವರ್ಷ ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಮೊದಲ ಬಾರಿಗೆ ಮಹಿಳೆಯರಿಗೆ ಗುರುದೀಕ್ಷೆ ಕೊಟ್ಟಿತು. 2013ರಲ್ಲಿ ಸಿಎಸ್‌ಐನ ನಂದ್ಯಾಲ ಪ್ರಾಂತ್ಯಕ್ಕೆ ಪುಷ್ಪ ಲಲಿತ ಬಿಷಪರಾದರು. ಎರಡೂ ಕಡೆಯವರು ಓದಿದ್ದು ಅದೇ ಸುವಾರ್ತೆಗಳನ್ನು, ಅದೇ ಪೌಲನ ಪತ್ರಗಳನ್ನು.

ಪ್ರತಿಯೊಂದು ಉತ್ತರಕ್ಕೂ ಅದರದೇ ಬೆಲೆಯಿದೆ. ಒಂದು ಕೇಂದ್ರವಿರುವ ಸಭೆ ಏಕತೆಯನ್ನು ಕಾಪಾಡಿಕೊಳ್ಳುತ್ತದೆ, ಆದರೆ ತನ್ನ ನಿಲುವನ್ನು ತಿದ್ದಿಕೊಳ್ಳಲು ಅದಕ್ಕೆ ಬಹಳ ಕಾಲ ಬೇಕಾಗುತ್ತದೆ. ಓದುಗನ ಆತ್ಮಸಾಕ್ಷಿಯನ್ನು ಮುಂದಿಡುವ ಸಭೆ ಸ್ವಾತಂತ್ರ್ಯವನ್ನು ಕೊಡುತ್ತದೆ, ಆದರೆ ಮತ್ತೆ ಮತ್ತೆ ಒಡೆಯುತ್ತದೆ. ಸಭೆಯಿಲ್ಲದೆ ಗ್ರಂಥ ಉಳಿದುಬರುತ್ತಿರಲಿಲ್ಲ. ಗ್ರಂಥವಿಲ್ಲದಿದ್ದರೆ ಸಭೆಯನ್ನು ಪ್ರಶ್ನಿಸಲು ವಿಶ್ವಾಸಿಗೆ ಆಧಾರವಿರುತ್ತಿರಲಿಲ್ಲ. ಇವೆರಡರಲ್ಲಿ ಒಂದನ್ನು ಪೂರ್ತಿಯಾಗಿ ಕೈಬಿಟ್ಟ ಪಂಥ ಪ್ರಮುಖ ಪಂಥಗಳಲ್ಲಿ ಯಾವುದೂ ಇಲ್ಲ.