ಪಯಣಪೂರ್ವ ಆರೋಗ್ಯ ತಪಾಸಣೆ: ಸಾಲೋಟಗಿ ಪರಿಸರದಿಂದ ಒಂದು ಅವಲೋಕನ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಗ್ರಾಮವು ಶಾಸನಾಭ್ಯಾಸಿಗಳಿಗೆ ಚಿರಪರಿಚಿತ. ಪಾವಿಟ್ಟಗೆ ಎಂಬ ಪ್ರಾಚೀನ ಹೆಸರಿನ ಈ ಅಗ್ರಹಾರದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಶಾಲೆಯೊಂದನ್ನು ಕಟ್ಟಿಸಿದುದನ್ನು ಕ್ರಿ.ಶ. 945ರ ಕಂಬದ ಶಾಸನ ದಾಖಲಿಸಿದೆ. ಬೇರೆ ಬೇರೆ ಜನಪದಗಳಿಂದ ಇಲ್ಲಿಗೆ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ವಸತಿಗಳಿದ್ದವು. ದೀಪಕ್ಕೂ ಅಶನಕ್ಕೂ ಭೂಮಿ ಬಿಡಲಾಗಿತ್ತು. ದೂರದಿಂದ ಬಂದವನಿಗೆ ನೆಲೆ ಒದಗಿಸುವುದು ಬರಮಾಡಿಕೊಂಡ ಊರಿನ ಹೊಣೆ ಎಂಬ ಭಾವನೆ ಈ ದತ್ತಿಗಳ ಹಿಂದಿದೆ. ಇದಕ್ಕೆ ಸುಮಾರು ಒಂಬೈನೂರೈವತ್ತು ವರ್ಷಗಳ ತರುವಾಯ ಇದೇ ಸೀಮೆಯ ಜನರು ತೀರ ಭಿನ್ನವಾದ ಕಟ್ಟಳೆಯೊಂದನ್ನು ಎದುರಿಸಬೇಕಾಯಿತು. ಊರು ಬಿಟ್ಟು ಹೊರಡುವವನು ತಾನು ನಿರೋಗಿ ಎಂಬುದನ್ನು ಮೊದಲು ಸಿದ್ಧಪಡಿಸಿ ತೋರಿಸಬೇಕೆಂಬುದೇ ಆ ಕಟ್ಟಳೆ. ಅದರ ಹುಟ್ಟನ್ನೂ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1880ರ ದಶಕದಲ್ಲಿ ಹೊಟಗಿ–ಗದಗ ರೈಲುಮಾರ್ಗ ಆರಂಭವಾಗಿ ಇಂಡಿ ರೋಡ್ ನಿಲ್ದಾಣ ಬಂದ ಮೇಲೆ ಈ ಭಾಗದವರಿಗೆ ಮುಂಬಯಿ ಬಂದರು ಹತ್ತಿರವಾಯಿತು. ಬಿಜಾಪುರದ ಸಣ್ಣ ಹಳಿಯ ಗಾಡಿಯಿಂದ ಇಳಿದು ಹೊಟಗಿಯಲ್ಲಿ ದೊಡ್ಡ ಹಳಿಯ ಗಾಡಿ ಹತ್ತಿದರೆ ಪುಣೆಯ ಮಾರ್ಗವಾಗಿ ಮುಂಬಯಿ ತಲುಪಬಹುದಿತ್ತು. ವ್ಯಾಪಾರಿಗಳು, ದುಡಿಮೆ ಅರಸಿ ಹೋಗುವವರು, ಹಜ್ ಯಾತ್ರಿಕರು ಎಲ್ಲರಿಗೂ ಇದೇ ದಾರಿ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ರೋಗವೂ ಈ ದಾರಿಯನ್ನೇ ಹಿಡಿಯಿತು. ಅದೇ ಹೊತ್ತಿನಲ್ಲಿ, 1896–97ರಲ್ಲಿ, ಬಿಜಾಪುರ ಸೀಮೆ ಬರಗಾಲಕ್ಕೂ ತುತ್ತಾಗಿತ್ತು. ಹೊರಡದಿದ್ದರೆ ಹಸಿವು, ಹೊರಟರೆ ತಪಾಸಣೆ ಎಂಬ ಇಕ್ಕಟ್ಟಿಗೆ ಬಡವರು ಸಿಲುಕಿದರು.

1897ರ ಫೆಬ್ರವರಿ 4ರಂದು ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಗಾತ್ರದಲ್ಲಿ ಅತಿ ಚಿಕ್ಕದು. ಅದು ನೀಡಿದ ಅಧಿಕಾರ ಮಾತ್ರ ವಿಶಾಲವಾದುದು. ಬಂದರಿಗೆ ಬರುವ ಮತ್ತು ಬಂದರಿನಿಂದ ಹೊರಡುವ ಹಡಗುಗಳನ್ನು ಪರೀಕ್ಷಿಸಲು, ಹಡಗು ಹತ್ತಲು ಉದ್ದೇಶಿಸಿದ ವ್ಯಕ್ತಿಯನ್ನು ತಡೆದಿರಿಸಲು, ರೈಲಿನಲ್ಲಾಗಲಿ ಅನ್ಯಮಾರ್ಗದಲ್ಲಾಗಲಿ ಸಂಚರಿಸುವವರನ್ನು ತಪಾಸಣೆಗೆ ಒಳಪಡಿಸಲು ಅದರಲ್ಲಿ ಅವಕಾಶವಿತ್ತು. ಇನ್ನೂ ಹಡಗು ಹತ್ತದವನನ್ನು, ಕೇವಲ ಹತ್ತಬಯಸಿದವನನ್ನು ಕಾನೂನು ಹಿಡಿದು ನಿಲ್ಲಿಸಬಲ್ಲುದೆಂಬುದು ಇಲ್ಲಿ ಗಮನಾರ್ಹ. ಅದೇ ವರ್ಷ ಮುಂಬಯಿಯಿಂದ ಹಜ್ ಯಾತ್ರೆಯೂ ಸ್ಥಗಿತಗೊಂಡಿತು.

ಈ ಕ್ರಮದ ಹಿಂದೆ ಅಂತರರಾಷ್ಟ್ರೀಯ ಒತ್ತಡವೂ ಇತ್ತು. 1897ರ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ವೆನಿಸ್ ನಗರದಲ್ಲಿ ಸೇರಿದ ಆರೋಗ್ಯ ಸಮ್ಮೇಳನವು ಪ್ಲೇಗಿನ ಬಗ್ಗೆ ಒಪ್ಪಂದವೊಂದನ್ನು ರೂಪಿಸಿತು. ಸೋಂಕಿತ ಬಂದರಿನಿಂದ ಹೊರಡುವ ಪ್ರತಿಯೊಬ್ಬನನ್ನೂ ಹಡಗು ಹತ್ತುವ ಸಮಯದಲ್ಲಿ, ಹಗಲು ಬೆಳಕಿನಲ್ಲಿ, ದಡದ ಮೇಲೆ, ಸರಕಾರ ನೇಮಿಸಿದ ವೈದ್ಯನು ಒಬ್ಬೊಬ್ಬನನ್ನಾಗಿ ಪರೀಕ್ಷಿಸಬೇಕೆಂಬುದು ಅದರ ಮುಖ್ಯ ವಿಧಿ. ಬಂದ ಹಡಗನ್ನು ನಲವತ್ತು ದಿನ ದೂರ ನಿಲ್ಲಿಸುವ ಪದ್ಧತಿಗೆ ಮಧ್ಯಯುಗದಲ್ಲಿ ‘ಕ್ವಾರಂಟೀನ್’ ಎಂಬ ಹೆಸರು ಕೊಟ್ಟ ನಗರವೂ ವೆನಿಸ್ಸೇ. ತಲುಪಿದ ದಡದಲ್ಲಿ ನಡೆಯುತ್ತಿದ್ದ ತಡೆಯು ಈಗ ಹೊರಡುವ ದಡಕ್ಕೂ ವ್ಯಾಪಿಸಿತು. ಇಂದಿನ ವಿಹಾರ ನೌಕೆಗಳ ಪಯಣಪೂರ್ವ ಪರೀಕ್ಷೆಯ ಬೇರು ಇಲ್ಲಿದೆ.

ಅಂದಿನ ಪರೀಕ್ಷೆ ಪ್ರಯೋಗಾಲಯದ್ದಲ್ಲ. ಜ್ವರವಿದೆಯೇ, ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಗಡ್ಡೆ ಕಟ್ಟಿದೆಯೇ ಎಂದು ವೈದ್ಯನು ಕಣ್ಣಿನಿಂದಲೂ ಕೈಯಿಂದಲೂ ನೋಡುತ್ತಿದ್ದನು. ಇದರಲ್ಲಿ ಎರಡು ಕೊರತೆಗಳಿದ್ದವು. ಮೊದಲನೆಯದಾಗಿ, ಸೋಂಕು ತಗುಲಿಯೂ ಲಕ್ಷಣ ಕಾಣದ ದಿನಗಳಲ್ಲಿ ದೇಹವು ಯಾವ ಸುಳಿವನ್ನೂ ಕೊಡದು. ಎರಡನೆಯದಾಗಿ, ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದನ್ನು ಪಾಲ್-ಲೂಯಿ ಸಿಮೋಂ 1898ರಲ್ಲಿ ತೋರಿಸಿದನು. ಅದು ಸಾಮಾನ್ಯ ಮನ್ನಣೆ ಪಡೆಯಲು ಮತ್ತಷ್ಟು ವರ್ಷಗಳು ಬೇಕಾದವು. ಅಷ್ಟರವರೆಗೆ ಮನುಷ್ಯರ ಮೈಯನ್ನು ತಡವಿ ನೋಡುತ್ತಿದ್ದಾಗಲೇ ಕಾಳಿನ ಚೀಲಗಳೊಂದಿಗೆ ಇಲಿಗಳು ನಿರಾತಂಕವಾಗಿ ಪಯಣಿಸುತ್ತಿದ್ದವು.

ಪರೀಕ್ಷೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಕೆಳದರ್ಜೆಯ ಪ್ರಯಾಣಿಕರು, ಮಾಸಿದ ಬಟ್ಟೆಯವರು ಹೆಚ್ಚು ಸಂಶಯಕ್ಕೆ ಗುರಿಯಾದರು. ಪರಪುರುಷರು ಸ್ತ್ರೀಯರ ಮೈಮುಟ್ಟಿ ನೋಡುವುದು ಅಸಹನೀಯ ಅಪಮಾನವಾಗಿ ತೋರಿತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್‌ನ ಮೇಲೆ 1897ರ ಜೂನ್ 22ರಂದು ನಡೆದ ಮಾರಣಾಂತಿಕ ಹಲ್ಲೆಗೆ ಮನೆಶೋಧ ಮತ್ತು ಬಲಾತ್ಕಾರದ ಕ್ರಮಗಳು ಹಿನ್ನೆಲೆಯಾಗಿದ್ದವು. ಕ್ರಮೇಣ ಹಾಫ್‌ಕಿನ್ ಲಸಿಕೆ ಪಡೆದವರಿಗೆ ಪ್ರಮಾಣಪತ್ರ ನೀಡಿ, ಸಂಚಾರದ ಕೆಲವು ನಿರ್ಬಂಧಗಳಿಂದ ವಿನಾಯಿತಿ ಕೊಡುವ ಪದ್ಧತಿ ಬಂದಿತು. 1898ರಲ್ಲಿ ಹುಬ್ಬಳ್ಳಿ–ಧಾರವಾಡಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಲಾಯಿತು. ಕಾಗದವೊಂದು ದಾರಿ ತೆರೆಯುವ ಈ ಬಗೆ ಮುಂದಿನ ಶತಮಾನಕ್ಕೂ ದಾಟಿತು.

ಜನಪದರು ರೋಗವನ್ನು ಎದುರಿಸಿದ ರೀತಿ ಬೇರೆಯಾಗಿತ್ತು. ಪ್ಲೇಗು ಬಂದಾಗ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದುದು ಉತ್ತರ ಕರ್ನಾಟಕದ ಮೌಖಿಕ ಸ್ಮೃತಿಯಲ್ಲಿ ಇಂದಿಗೂ ಉಳಿದಿದೆ. ಹಿರಿಯರ ಹುಟ್ಟು, ಮದುವೆಗಳ ಕಾಲವನ್ನು ‘ಪ್ಲೇಗಿನ ವರ್ಷ’ದಿಂದ ಎಣಿಸುವ ರೂಢಿಯೂ ಇತ್ತು. ಕೆಲವು ಭಾಗಗಳಲ್ಲಿ ನಡೆಯುವ ‘ಹೊರಬೀಡು’ ಆಚರಣೆಯಲ್ಲಿ ಗೊತ್ತಾದ ದಿನ ಎಲ್ಲರೂ ಊರ ಹೊರಗೆ ಅಡುಗೆ ಮಾಡಿ ಉಂಡು ಮರಳುತ್ತಾರೆ. ಇಲ್ಲಿ ಹೊರಗೆ ಹೋಗುವುದು ಸಮಷ್ಟಿಯ ಕ್ರಿಯೆ. ಒಬ್ಬನನ್ನು ಮಾತ್ರ ಬೇರ್ಪಡಿಸುವುದಿಲ್ಲ. ಆದರೆ ಜನಪದ ವಿಧಾನವನ್ನು ಆದರ್ಶೀಕರಿಸುವಂತಿಲ್ಲ. ಮಾರಿಯನ್ನು ಬಂಡಿಯಲ್ಲಿಟ್ಟು ಸೀಮೆ ದಾಟಿಸುವ ಆಚರಣೆಯಲ್ಲಿ ರೋಗವು ನೆರೆಯೂರಿನ ಪಾಲಾಗುತ್ತದೆ. ಹೊರಡುವ ಮುನ್ನ ಪರೀಕ್ಷೆ ಎಂಬ ನಿಯಮದಲ್ಲಿ ಇದಕ್ಕೆ ವಿರುದ್ಧವಾದ ನೀತಿಯಿದೆ: ತಲುಪಲಿರುವ ಊರಿನ ಕ್ಷೇಮಕ್ಕೆ ಹೊರಡುವ ಊರೂ ಹೊಣೆ. ಆಧುನಿಕ ವಿಧಿಯ ನೈತಿಕ ಬಲ ಇರುವುದು ಇಲ್ಲಿ.

ಕೋವಿಡ್ ಕಾಲದಲ್ಲಿ ಈ ಚರಿತ್ರೆ ಮರುಕಳಿಸಿತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿಯಲಾದ ಡೈಮಂಡ್ ಪ್ರಿನ್ಸೆಸ್ ವಿಹಾರ ನೌಕೆಯ 3,711 ಮಂದಿಯಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಮಾರ್ಚ್ ತಿಂಗಳಲ್ಲಿ ಎಂ.ಎಸ್.ಸಿ. ಲಿರಿಕಾ ನೌಕೆಗೆ ನವಮಂಗಳೂರು ಬಂದರಿನಲ್ಲಿ ಪ್ರವೇಶ ದೊರೆಯಲಿಲ್ಲ. 1897ರ ಕಾಯಿದೆಯೇ ಮತ್ತೆ ಬಳಕೆಗೆ ಬಂದಿತು. ಯಾನಗಳು ಪುನರಾರಂಭವಾದಾಗ ಲಸಿಕೆಯ ಪತ್ರ ಮತ್ತು ಹೊರಡುವ ಮುನ್ನದ ಪರೀಕ್ಷಾ ವರದಿ ಅನೇಕ ನೌಕೆಗಳಲ್ಲಿ ಕಡ್ಡಾಯವಾದವು. ಆದರೂ 2022ರ ಜನವರಿಯಲ್ಲಿ ಮುಂಬಯಿಯಿಂದ ಗೋವೆಗೆ ಬಂದ ಕಾರ್ಡೇಲಿಯಾ ನೌಕೆಯಲ್ಲಿ 66 ಜನರಿಗೆ ಸೋಂಕಿರುವುದು ಪತ್ತೆಯಾಯಿತು. ಪರೀಕ್ಷೆ ಹೇಳುವುದು ಆ ಕ್ಷಣದ ಸ್ಥಿತಿಯನ್ನು ಮಾತ್ರ ಎಂಬ ಹಳೆಯ ಮಿತಿ ಹೊಸ ಉಪಕರಣಗಳಿಗೂ ತಪ್ಪಲಿಲ್ಲ. ಅಮೆರಿಕದ ರೋಗನಿಯಂತ್ರಣ ಸಂಸ್ಥೆಯು 2022ರ ಜುಲೈನಲ್ಲಿ ನೌಕೆಗಳಿಗೆಂದಿದ್ದ ತನ್ನ ಕೋವಿಡ್ ಕಾರ್ಯಕ್ರಮವನ್ನು ಕೊನೆಗೊಳಿಸಿತು.

ಕಡಲು ಕಾಣದ ಇಂಡಿ ಸೀಮೆಗೂ ಈ ನಿಯಮ ತಟ್ಟಿತು. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ, ಭೀಮಾ ತೀರದ ಧೂಳಖೇಡದಲ್ಲಿ ಮಹಾರಾಷ್ಟ್ರದಿಂದ ಬರುವವರನ್ನು ತಡೆದು ತಪಾಸಿಸಲಾಯಿತು; 2021ರಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿಯನ್ನು ಕೇಳಲಾಯಿತು. ವಿಹಾರ ನೌಕೆಯ ಪ್ರವಾಸಿಗೆ ಅದು ಟಿಕೆಟ್ಟಿನ ಜೊತೆಗಿನ ಒಂದು ಖರ್ಚು; ಕೂಲಿ ಮುಗಿಸಿ ಮರಳುವವನಿಗೆ ಒಂದೆರಡು ದಿನದ ದುಡಿಮೆ. ಒಂದೇ ನಿಯಮದ ತೂಕ ಇಬ್ಬರಿಗೂ ಒಂದೇ ಅಲ್ಲ.

ಪಯಣಪೂರ್ವ ತಪಾಸಣೆಯನ್ನು ಅದು ಎಷ್ಟು ರೋಗಿಗಳನ್ನು ಹಿಡಿಯಿತೆಂಬುದರಿಂದ ಮಾತ್ರ ಅಳೆಯಲಾಗದು. ತಡೆಯಲ್ಪಟ್ಟವನು ಎಲ್ಲಿ ಮಲಗಬೇಕು, ಅವನ ಊಟ ಯಾರದು, ಕಳೆದ ಕೂಲಿಗೆ ಹೊಣೆ ಯಾರು ಎಂಬ ಪ್ರಶ್ನೆಗಳಿಗೆ ನಿಯಮ ಉತ್ತರಿಸದಿದ್ದಲ್ಲಿ ಜನರು ಲಕ್ಷಣಗಳನ್ನು ಮುಚ್ಚಿಡುತ್ತಾರೆ, ಬಳಸುದಾರಿ ಹಿಡಿಯುತ್ತಾರೆ. ಆಗ ತಪಾಸಣೆಯ ಉದ್ದೇಶವೇ ಸೋಲುತ್ತದೆ. 1897ರ ಅನುಭವ ಕಲಿಸುವುದು ಇದನ್ನೇ. ಪಾವಿಟ್ಟಗೆಯ ದತ್ತಿಗಳು ದಾರಿಗರ ರೋಗವನ್ನು ಕುರಿತವಲ್ಲ. ಆದರೆ ಹೊರಗಿನಿಂದ ಬಂದವನ ವಸತಿ, ದೀಪ, ಅನ್ನಗಳನ್ನು ಹೆಸರಿಸಿ ಅವುಗಳಿಗೆ ನೆಲ ಗೊತ್ತುಮಾಡಿದ ಆ ಶಾಸನದ ಸ್ಪಷ್ಟತೆ ನಂತರದ ಆರೋಗ್ಯ ಕಾಯಿದೆಗಳಿಗೆ ಒದಗಿ ಬರಲಿಲ್ಲ.