ಗುಂಪಿನಲ್ಲಿ ಕೂತು ಮಾತಾಡಿದರೆ ಮನಸ್ಸಿನ ಗಾಯ ವಾಸಿಯಾಗುತ್ತಾ? ಕಾಂಗೊದ ಹಳ್ಳಿಗಳಲ್ಲಿ ನಡೆದ ಒಂದು ಪರೀಕ್ಷೆ

ಯುದ್ಧ, ಗಲಭೆ, ಅಪಘಾತ, ಅತ್ಯಾಚಾರ. ಇಂಥದ್ದನ್ನು ಕಂಡು ಅಥವಾ ಅನುಭವಿಸಿ ಬದುಕುಳಿದವರಲ್ಲಿ ಕೆಲವರಿಗೆ ಆ ಘಟನೆ ಮುಗಿಯುವುದೇ ಇಲ್ಲ. ತಿಂಗಳುಗಳು ಕಳೆದರೂ ಕನಸಿನಲ್ಲಿ ಬರುತ್ತದೆ, ಹಗಲಲ್ಲೂ ಕಣ್ಣೆದುರು ಬಂದು ನಿಲ್ಲುತ್ತದೆ. ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾರೆ, ಆ ಜಾಗದ ಹತ್ತಿರವೂ ಹೋಗಲಾರರು, ಮನೆಯವರ ಜೊತೆಗೂ ಮಾತು ಕಡಿಮೆಯಾಗುತ್ತದೆ. ಇದಕ್ಕೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಈ ಹೆಸರು ಸೇರಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಅದಕ್ಕೆ ಒಂದು ಮುಖ್ಯ ಕಾರಣ.

"ಮನಸ್ಸು ಗಟ್ಟಿ ಮಾಡು, ಎಲ್ಲ ಮರೆತುಹೋಗುತ್ತೆ" ಅಂತ ಹೇಳುವುದು ಸುಲಭ. ಆದರೆ ಮರೆಯಲು ಆಗದಿರುವುದೇ ಇಲ್ಲಿ ಕಾಯಿಲೆ. ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮಾತು. ತರಬೇತಿ ಪಡೆದವರ ಜೊತೆ, ಒಂದು ಕ್ರಮದಲ್ಲಿ ನಡೆಯುವ ಮಾತು. ತೊಂದರೆ ಏನೆಂದರೆ, ಯುದ್ಧ ನಡೆಯುವ ಕಡೆ ಸಾವಿರಾರು ಮಂದಿಗೆ ಇದು ಬೇಕಾಗುತ್ತದೆ, ವೈದ್ಯರು ಬೆರಳೆಣಿಕೆಯಷ್ಟೂ ಇರುವುದಿಲ್ಲ. ಹಾಗಾದರೆ ಆರೆಂಟು ಮಂದಿಯನ್ನು ಒಟ್ಟಿಗೆ ಕೂರಿಸಿದರೆ ಆಗದೇ?

ಆಗುತ್ತದೋ ಇಲ್ಲವೋ ಎಂದು ತಿಳಿಯಲು ಹೋಲಿಕೆ ಬೇಕು. ಚಿಕಿತ್ಸೆ ಇಲ್ಲದೆಯೂ ಕೆಲವರು ಕಾಲ ಕಳೆದಂತೆ ಚೇತರಿಸಿಕೊಳ್ಳುತ್ತಾರೆ. ನಾಲ್ಕು ಜನರ ಜೊತೆ ಕೂತು ಚಹಾ ಕುಡಿದರೂ ಮನಸ್ಸು ಹಗುರ ಆಗುತ್ತದೆ. ಹಾಗಾಗಿ ಗುಂಪಿಗೆ ಬಂದವರು ಸುಧಾರಿಸಿದರು ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆ ಇದನ್ನು ಚೆನ್ನಾಗಿ ತೋರಿಸಿತು. ವಿಯೆಟ್ನಾಂನಲ್ಲಿ ಹೋರಾಡಿದ್ದ 360 ಮಾಜಿ ಸೈನಿಕರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಲಾಯಿತು. ಒಂದು ಪಾಲಿನ ಗುಂಪುಗಳು ಯುದ್ಧದ ನೆನಪುಗಳನ್ನೇ ಕೆದಕಿ ಮಾತಾಡಿದವು, ಇನ್ನೊಂದು ಪಾಲಿನವು ಈಗಿನ ಬದುಕಿನ ಕಷ್ಟಗಳ ಬಗ್ಗೆ ಮಾತ್ರ. ಕೊನೆಗೆ ಎರಡೂ ಕಡೆ ಸ್ವಲ್ಪ ಸುಧಾರಣೆ ಕಂಡಿತು, ಒಟ್ಟಾರೆ ವ್ಯತ್ಯಾಸ ಸಿಗಲಿಲ್ಲ. ನೆನಪು ಕೆದಕಿದ ಗುಂಪುಗಳಿಂದ ಮಧ್ಯದಲ್ಲೇ ಎದ್ದುಹೋದವರೂ ಹೆಚ್ಚು.

ಹತ್ತು ವರ್ಷದ ನಂತರ, 2013ರಲ್ಲಿ, ಬೇರೆಯೇ ಒಂದು ಫಲಿತಾಂಶ ಬಂತು. ಪರೀಕ್ಷೆ ನಡೆದದ್ದು ಪೂರ್ವ ಕಾಂಗೊದ ದಕ್ಷಿಣ ಕಿವು ಕಡೆಯ ಹಳ್ಳಿಗಳಲ್ಲಿ. ವರ್ಷಗಟ್ಟಲೆ ನಡೆದ ಸಂಘರ್ಷದಲ್ಲಿ ಸಶಸ್ತ್ರ ಗುಂಪುಗಳು ಅತ್ಯಾಚಾರವನ್ನೇ ಆಯುಧ ಮಾಡಿಕೊಂಡಿದ್ದ ಪ್ರದೇಶ ಅದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜುಡಿತ್ ಬಾಸ್ ಮತ್ತು ಸಂಗಡಿಗರು ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿಯ ಜೊತೆ ಸೇರಿ ಇದನ್ನು ನಡೆಸಿದರು. ಲೈಂಗಿಕ ಹಿಂಸೆಯನ್ನು ಅನುಭವಿಸಿದ ಅಥವಾ ಕಂಡ, ತೀವ್ರ ಲಕ್ಷಣಗಳಿದ್ದ ಮಹಿಳೆಯರು ಇದರಲ್ಲಿದ್ದರು. ಇಲ್ಲಿ ಚೀಟಿ ಎತ್ತಿದ್ದು ಹೆಂಗಸರಿಗಲ್ಲ, ಹಳ್ಳಿಗಳಿಗೆ. ಒಂದೇ ಊರಿನಲ್ಲಿ ಒಬ್ಬಳಿಗೆ ಒಂದು, ಪಕ್ಕದ ಮನೆಯವಳಿಗೆ ಇನ್ನೊಂದು ಕೊಟ್ಟರೆ ಮಾತು ಆಚೀಚೆ ಹೋಗದೆ ಇರುತ್ತದೆಯೇ? ಏಳು ಹಳ್ಳಿಗಳ 157 ಮಹಿಳೆಯರಿಗೆ ಗುಂಪು ಚಿಕಿತ್ಸೆ ಸಿಕ್ಕಿತು. ಎಂಟು ಹಳ್ಳಿಗಳ 248 ಮಹಿಳೆಯರಿಗೆ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಸಾಂತ್ವನ, ಸಲಹೆ ಮತ್ತು ಇತರ ನೆರವು ಸಿಕ್ಕಿತು.

ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ. ಪ್ರಾಥಮಿಕ ಶಾಲೆಯ ನಂತರ ಕನಿಷ್ಠ 4 ವರ್ಷ ಓದಿದ್ದ ಸ್ಥಳೀಯ ಕಾರ್ಯಕರ್ತೆಯರು. ಅವರಿಗೆ ತರಬೇತಿ ಕೊಟ್ಟು, ಮೇಲಿನವರು ಸತತವಾಗಿ ಗಮನಿಸುತ್ತಿದ್ದರು. ಒಟ್ಟು 12 ಭೇಟಿ. ಮೊದಲನೆಯದು ಒಬ್ಬೊಬ್ಬರಿಗೆ ಒಂದು ಗಂಟೆ, ಉಳಿದ 11 ಭೇಟಿ ಆರೆಂಟು ಮಂದಿಯ ಗುಂಪಿನಲ್ಲಿ ಎರಡೆರಡು ಗಂಟೆ. ಪ್ಯಾಟ್ರಿಶಿಯಾ ರೆಸಿಕ್ ಎಂಬ ಮನಶ್ಶಾಸ್ತ್ರಜ್ಞೆ ಅಮೆರಿಕದಲ್ಲಿ ರೂಪಿಸಿದ ವಿಧಾನ ಇದು. ಆಘಾತದ ನಂತರ ಮನಸ್ಸಿನಲ್ಲಿ ಕೆಲವು ಮಾತುಗಳು ಮುಳ್ಳಿನ ಹಾಗೆ ಸಿಕ್ಕಿಕೊಂಡಿರುತ್ತವೆ: "ತಪ್ಪು ನನ್ನದೇ", "ಇನ್ನು ಯಾರನ್ನೂ ನಂಬಬಾರದು", "ನಾನು ಯಾವುದಕ್ಕೂ ಬೇಡದವಳು". ಅವನ್ನು ಹೊರಗೆ ತೆಗೆದು, ಇದು ನಿಜವೇ, ಹೀಗೆ ಹೇಳಲು ಆಧಾರ ಏನು ಎಂದು ತಾವೇ ಕೇಳಿಕೊಳ್ಳಲು ಕಲಿಸುತ್ತಾರೆ. ಮೂಲ ವಿಧಾನದಲ್ಲಿ ಕಾಗದದಲ್ಲಿ ಬರೆಯುವ ಕೆಲಸ ಬಹಳ. ಕಾಂಗೊದ ಅನೇಕ ಮಹಿಳೆಯರಿಗೆ ಓದು ಬರಹ ಬಾರದ ಕಾರಣ ಬಾಯಿಪಾಠ ಮಾಡುವಷ್ಟು ಸರಳಗೊಳಿಸಲಾಯಿತು.

ಎಲ್ಲಕ್ಕಿಂತ ಮುಖ್ಯವಾದ ಒಂದು ವಿಷಯವಿದೆ. ನಡೆದದ್ದನ್ನು ವಿವರವಾಗಿ ಹೇಳಬೇಕೆಂಬ ಭಾಗವನ್ನೇ ಇಲ್ಲಿ ಬಿಡಲಾಗಿತ್ತು. ಊರವರ ಮುಂದೆ ಮಾನ ಹೋಗುತ್ತದೆ ಎಂಬ ಭಯದಿಂದಲೇ ಗುಂಪು ಅಂದರೆ ಜನ ಹಿಂಜರಿಯುವುದು. ಘಟನೆಯನ್ನು ಬಿಚ್ಚಿಡದೆಯೂ, ಅದು ಮನಸ್ಸಿನಲ್ಲಿ ಉಳಿಸಿಹೋದ ಯೋಚನೆಗಳ ಮೇಲೆ ಕೆಲಸ ಮಾಡಬಹುದು.

ಖಿನ್ನತೆ ಮತ್ತು ಆತಂಕವನ್ನು 0ಯಿಂದ 3ರವರೆಗಿನ ಅಂಕದಲ್ಲಿ ಅಳೆದರು. ಗುಂಪು ಚಿಕಿತ್ಸೆಯವರ ಸರಾಸರಿ 2.0 ಇದ್ದದ್ದು ಚಿಕಿತ್ಸೆ ಮುಗಿದಾಗ 0.8ಕ್ಕೆ, ಆರು ತಿಂಗಳ ನಂತರ 0.7ಕ್ಕೆ ಇಳಿಯಿತು. ಪ್ರತ್ಯೇಕ ನೆರವು ಪಡೆದವರದ್ದು 2.2ರಿಂದ 1.7, ಆಮೇಲೆ 1.5. ಆರು ತಿಂಗಳ ನಂತರವೂ ಖಿನ್ನತೆ ಅಥವಾ ಆತಂಕದ ಕಾಯಿಲೆ ಇರಬಹುದಾದವರು ಗುಂಪಿನಲ್ಲಿ ಶೇ. 9, ಇನ್ನೊಂದು ಕಡೆ ಶೇ. 42. ಪಿಟಿಎಸ್‌ಡಿಯಲ್ಲೂ ಇದೇ ರೀತಿಯ ವ್ಯತ್ಯಾಸ ಕಂಡಿತು. ಆ ಹೊತ್ತಿಗೂ ಆ ಪ್ರದೇಶದಲ್ಲಿ ಹಿಂಸೆ ನಿಂತಿರಲಿಲ್ಲ ಎನ್ನುವುದನ್ನು ಮರೆಯಬಾರದು.

ಹಾಗಂತ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಮೂರೂ ಸಲದ ಸಂದರ್ಶನಕ್ಕೆ ಸಿಕ್ಕಿದವರು ಗುಂಪು ಚಿಕಿತ್ಸೆಯಲ್ಲಿ ಶೇ. 65, ಇನ್ನೊಂದರಲ್ಲಿ ಶೇ. 52 ಮಾತ್ರ. ಹದಿನೈದೇ ಹಳ್ಳಿಗಳು. ಅದೂ ಅಲ್ಲದೆ, ಒಂದು ಕಡೆಯದು ಗುಂಪು, ಇನ್ನೊಂದು ಕಡೆ ಒಬ್ಬೊಬ್ಬರಿಗೆ. ಗುಣ ಮಾಡಿದ್ದು ವಿಧಾನವೋ, ಜೊತೆಗೆ ಕೂತ ಹೆಂಗಸರೋ ಎಂದು ಬಿಡಿಸಿ ಹೇಳುವುದು ಕಷ್ಟ.

ಇದೇ ವಿಧಾನವನ್ನು ಗುಂಪಿನಲ್ಲೂ ಒಬ್ಬೊಬ್ಬರಿಗೂ ಕೊಟ್ಟು ಹೋಲಿಸಿದ ಪರೀಕ್ಷೆಯ ವರದಿ 2017ರಲ್ಲಿ ಬಂತು. ಅಮೆರಿಕದ 268 ಸೈನಿಕರಲ್ಲಿ ರೆಸಿಕ್ ಮತ್ತು ಸಂಗಡಿಗರೇ ನಡೆಸಿದ ಆ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ಕೊಟ್ಟ ಚಿಕಿತ್ಸೆಯೇ ಮುಂದಿತ್ತು, ಸುಧಾರಣೆ ಸುಮಾರು ಎರಡು ಪಟ್ಟು. ಗುಂಪಿನವರೂ ಸುಧಾರಿಸಿದರು. ಆದರೆ ಒಟ್ಟು ಸೈನಿಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೊನೆಗೂ ಪಿಟಿಎಸ್‌ಡಿ ಉಳಿದೇ ಇತ್ತು. ಒಬ್ಬರಿಗೆ ಒಬ್ಬರು ವೈದ್ಯರು ಸಿಗುವಲ್ಲಿ ಗುಂಪನ್ನು ಮೊದಲ ಆಯ್ಕೆ ಮಾಡಿಕೊಳ್ಳಲು ಕಾರಣವಿಲ್ಲ. ವೈದ್ಯರೇ ಇಲ್ಲದ ಕಡೆ ಲೆಕ್ಕ ಬೇರೆ.

ಭಾರತದಲ್ಲಿ ಇಂಥ ತೊಂದರೆ ಇರುವವರು ಅಥವಾ ಅವರ ಮನೆಯವರು ಮೊದಲ ಮಾತಿಗೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸರಕಾರಿ ಸೇವೆ ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.