ಬೆಳಗಾವಿಯಲ್ಲಿ ಪೊರಕೆ ಹಿಡಿದವರು

ಸ್ವಯಂಸೇವೆ ಅಂದಾಗಲೆಲ್ಲ ನನಗೆ ನೆನಪಾಗೋದು 1924ರ ಬೆಳಗಾವಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಅಲ್ಲೇ ನಡೆದದ್ದು, ಡಿಸೆಂಬರ್ 26 ಮತ್ತು 27ರಂದು. ಅಲ್ಲಿನ ಭಾಷಣ, ನಿರ್ಣಯಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದ್ರೆ ಬಂದ ಸಾವಿರಾರು ಜನರಿಗೆ ನೀರು ಎಲ್ಲಿಂದ ಬಂತು? ಪಾಯಿಖಾನೆ ತೊಳೆದವರು ಯಾರು?

ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ 'ವಿಜಯನಗರ' ಅನ್ನೋ ತಾತ್ಕಾಲಿಕ ಊರೇ ಎದ್ದಿತ್ತು. ನೀರಿಗಾಗಿ ತೋಡಿದ ಬಾವಿಗೆ 'ಪಂಪಾ ಸರೋವರ' ಅಂತ ಹೆಸರು. ಸ್ವಯಂಸೇವಕರ ಹೊಣೆ ಹೊತ್ತವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಅಮೆರಿಕದಲ್ಲಿ ಓದಿ ಬಂದ ಈ ವೈದ್ಯರು 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಜೈಲು ಕಂಡರು. ಆಮೇಲೆ ಅದೇ ವರ್ಷ ಹಿಂದೂಸ್ತಾನಿ ಸೇವಾದಳ ಕಟ್ಟಿದರು.

ನೈರ್ಮಲ್ಯದ ಕೆಲಸ ಕಾಕಾ ಕಾಲೇಲ್ಕರ್ ತಂಡದ್ದು. ಅದರಲ್ಲಿ ಬ್ರಾಹ್ಮಣರೂ ಇದ್ದರು, ಪೊರಕೆ ಹಿಡಿದು ಪಾಯಿಖಾನೆ ತೊಳೆದರು. ಹುಟ್ಟಿನ ಕಾರಣಕ್ಕೆ ಒಂದು ಜಾತಿಯ ತಲೆಗೆ ಕಟ್ಟಿದ್ದ ಕೆಲಸವನ್ನು ಆಗ ಮನಸ್ಸಾರೆ ಮಾಡೋದು ಸಣ್ಣ ಮಾತಲ್ಲ.

ಆದ್ರೆ ಅಧಿವೇಶನ ಮುಗೀತು. ಊರೂರಲ್ಲಿ ಪೊರಕೆ ಅದೇ ಹಳೇ ಕೈಗಳಲ್ಲೇ ಉಳೀತು. ಮಲ ಹೊರಿಸೋದನ್ನ ನಿಲ್ಲಿಸೋಕೆ 1993ರಲ್ಲೊಂದು, 2013ರಲ್ಲೊಂದು ಕಾನೂನೇ ಬೇಕಾಯ್ತು ನೋಡಿ!

ಆ ಬಾವಿ ಬೆಳಗಾವಿಯ ತಿಳಕವಾಡಿಯಲ್ಲಿ ಇವತ್ತಿಗೂ ಇದೆ, 'ಕಾಂಗ್ರೆಸ್ ಬಾವಿ' ಅಂತಾರೆ. ತೋಡಿದ ಬಾವಿ ಉಳೀತು, ಹಿಡಿದ ಪೊರಕೆ ಕೈಬಿಟ್ಟುಹೋಯ್ತು. ನಮ್ಮ ಓಣಿಗಾಗಿ ಒಂದು ಭಾನುವಾರ ದುಡಿದು ಫೋಟೋ ತೆಗೆಸಿಕೊಂಡು ಬರುವ ನಾವೆಲ್ಲ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಸೋಮವಾರ ಆ ಪೊರಕೆ ಯಾರ ಕೈಗೆ ಹೋಗುತ್ತೆ?